ಹದಿನೈದು ದಿನಗಳ ಲೆಕ್ಕ

ಬೇಸಿಗೆ ಹತ್ತಿರ ಬಂದಂತೆ ನಮ್ಮಲ್ಲಿ ಹಿಮಾಲಯದ ಮಾತು ಶುರುವಾಗುತ್ತದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಎಲ್ಲ ಕಡೆಯೂ ಬೆನ್ನಿಗೆ ಚೀಲ ಏರಿಸಿ ಬೆಟ್ಟಕ್ಕೆ ಹೊರಡುವವರು ಈಗ ಕಡಿಮೆಯೇನಿಲ್ಲ. ಅವರಲ್ಲಿ ಬಹಳ ಜನ ಮೊದಲು ಕೇಳುವುದು ಒಂದೇ ಪ್ರಶ್ನೆ. ‘ಸರ್, ಶೂ ಯಾವುದು ತಗೊಳ್ಳಲಿ?’ ಆಮೇಲೆ, ‘ಬ್ಯಾಗ್ ಎಷ್ಟು ಲೀಟರಿನದು ಇರಬೇಕು?’ ನಾನು ತಿರುಗಿ ಕೇಳುವುದು ಬೇರೆ. ‘ರಜೆ ಎಷ್ಟು ದಿನ ಸಿಕ್ಕಿದೆ?’ ಸಾಮಾನ್ಯವಾಗಿ ಬರುವ ಉತ್ತರ, 9 ದಿನ. ಈ ಕಡೆಯ ಶನಿವಾರ, ಭಾನುವಾರ, ಆ ಕಡೆಯ ಶನಿವಾರ, ಭಾನುವಾರ, ನಡುವೆ 5 ದಿನದ ರಜೆ. ಅಲ್ಲೇ ತೊಂದರೆ ಶುರುವಾಗುವುದು.

ಇಂದಿನ ನನ್ನ ಮಾತು ಈ ದಿನಗಳ ಲೆಕ್ಕದ ಮೇಲೆ. ಶೂ, ಚೀಲ, ಡೇರೆ ಇವೆಲ್ಲ ಅಂಗಡಿಯಲ್ಲಿ ಸಿಗುತ್ತವೆ, ಬಾಡಿಗೆಗೂ ಸಿಗುತ್ತವೆ. ದಿನಗಳು ಸಿಗುವುದಿಲ್ಲ. ವಸಂತದಲ್ಲಿ ಹಿಮಾಲಯದ ಒಂದು ಕಾಡಿನೊಳಗೆ ಒಂದು ವಾರಕ್ಕೂ ಹೆಚ್ಚು ನಡೆಯಬೇಕೆಂದರೆ, ಮನೆ ಬಿಟ್ಟು ಮನೆ ಸೇರಲು ಸುಮಾರು 15 ದಿನ ಬೇಕು. ಆ 15 ದಿನ ಎಲ್ಲಿ ಖರ್ಚಾಗುತ್ತವೆ ಎಂದು ಒಂದೊಂದಾಗಿ ಹೇಳುತ್ತೇನೆ. ಹತ್ತಿರ ಕಾಗದ ಪೆನ್ನು ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ಚಿಂತೆಯಿಲ್ಲ, ಆಗಾಗ ನಿಂತು ಕೂಡಿಸಿ ಹೇಳುತ್ತೇನೆ.

ಉದಾಹರಣೆಗೆ ಒಂದು ಜಾಗ ಬೇಕಲ್ಲ. ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯಲ್ಲಿರುವ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನವನ್ನು ತೆಗೆದುಕೊಳ್ಳೋಣ. ಮನಾಲಿಯ ಹೆಸರು ಕೇಳದವರಿಲ್ಲ. ಅದೇ ಜಿಲ್ಲೆಯ ಈ ಉದ್ಯಾನದ ಹೆಸರು ಕೇಳಿದವರು ಕಡಿಮೆ. ವಿಸ್ತೀರ್ಣ ಸುಮಾರು 750 ಚದರ ಕಿಲೋಮೀಟರ್. 2014ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ತೀರ್ಥನ್, ಸೈಂಜ್, ಜೀವಾ ನಾಲಾ, ಪಾರ್ವತಿ ಎಂಬ ನಾಲ್ಕು ಹೊಳೆಗಳ ಮೇಲ್ಭಾಗ ಇದರೊಳಗಿದೆ. ನಾಲ್ಕೂ ಕೊನೆಗೆ ಬಿಯಾಸ್ ನದಿಗೆ ಸೇರುತ್ತವೆ. ಒಳಗೆ ವಾಹನದ ದಾರಿ ಇಲ್ಲ, ಹೋಟೆಲ್ ಇಲ್ಲ, ಚಹಾದ ಅಂಗಡಿಯೂ ಇಲ್ಲ. ಹಾಗಾಗಿ ನಮ್ಮ ಲೆಕ್ಕಕ್ಕೆ ಇದು ಹೇಳಿ ಮಾಡಿಸಿದ ಜಾಗ.

ನಾನು ಹೇಳುವ ದಾರಿ ಇದು. ತೀರ್ಥನ್ ಕಣಿವೆಯ ಗುಶೈನಿ ಎಂಬ ಊರಿನಲ್ಲಿ ನಡಿಗೆ ಶುರು. ಹೊಳೆಯ ದಂಡೆ ಹಿಡಿದು ರೋಲಾ. ಅಲ್ಲಿಂದ ಕಡಿದಾದ ಕಾಡು ಹತ್ತಿ ಶಿಲ್ಟ್. ಆಮೇಲೆ ನಾಡಾ. ಅದಾದ ಮೇಲೆ ಧೇಲ್ ಎಂಬ ಎತ್ತರದ ಹುಲ್ಲುಗಾವಲು. ಅಲ್ಲಿಂದ ಆಚೆ ಬದಿಗೆ ಇಳಿದರೆ ಸೈಂಜ್ ಕಣಿವೆ. ಶಕ್ತಿ ಎಂಬ ಪುಟ್ಟ ಹಳ್ಳಿ, ಕೊನೆಗೆ ನಿಯುಲಿ. ಅಂದರೆ ಒಂದು ಹೊಳೆಯ ಕಣಿವೆಯಲ್ಲಿ ಹತ್ತಿ ಇನ್ನೊಂದು ಹೊಳೆಯ ಕಣಿವೆಯಲ್ಲಿ ಇಳಿಯುವುದು.

ದಿನ ಎಣಿಸುವ ಮೊದಲು ಯಾವ ತಿಂಗಳು ಎಂದು ತೀರ್ಮಾನಿಸಬೇಕು. ನಮಗೆ ಯುಗಾದಿ ಬಂತೆಂದರೆ ವಸಂತ ಬಂತು. ಊರಿಗೆಲ್ಲ ಒಂದೇ ದಿನ ಬರುತ್ತದೆ. ಹಿಮಾಲಯದಲ್ಲಿ ಹಾಗಲ್ಲ. ಅಲ್ಲಿ ವಸಂತ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಹತ್ತುತ್ತದೆ. ಮಾರ್ಚ್‌ನಲ್ಲಿ ಕಣಿವೆಯ ತಳದ ತೋಟಗಳಲ್ಲಿ ಹೂವು. ಮಾರ್ಚ್–ಏಪ್ರಿಲ್‌ನಲ್ಲಿ 2,000 ಮೀಟರ್ ಎತ್ತರದಲ್ಲಿ ಬುರಾಂಶ್ ಎಂಬ ಮರ ಅರಳುತ್ತದೆ. ಗೊಂಚಲು ಗೊಂಚಲು ಕಡುಗೆಂಪು ಹೂವು, ನಮ್ಮ ಮುತ್ತುಗದಷ್ಟೇ ಢಾಳಾದ ಬಣ್ಣ. ಅದೇ ಕುಲದ ಇನ್ನೊಂದು ಗಿಡ ಮರಗಳು ಮುಗಿಯುವ ಎತ್ತರದಲ್ಲಿ ಬೆಳೆಯುತ್ತದೆ. ಕುಳ್ಳಗೆ, ನೆಲಕ್ಕೆ ಬಾಗಿಕೊಂಡು. ಅದು ತಿಳಿ ನೇರಳೆ ಹೂವು ಬಿಡುವುದು ಮೇ ಕೊನೆಗೆ, ಜೂನಿಗೆ. ಒಂದೇ ವಸಂತಕ್ಕೆ ಕೆಳಗಿನಿಂದ ಮೇಲೆ ತಲುಪಲು ಎರಡು ಮೂರು ತಿಂಗಳು.

ಇದರಿಂದ ನಮಗೆ ತಿಳಿಯುವುದೇನು? ಏಪ್ರಿಲ್ ಮೊದಲ ವಾರ ರೋಲಾದಲ್ಲಿ ಹೂವು ನೋಡಿ ಹಿಗ್ಗಿದವರಿಗೆ ಧೇಲ್‌ನಲ್ಲಿ ಎದೆಮಟ್ಟದ ಹಿಮ ಸಿಗಬಹುದು. ಚಳಿಗಾಲದ ಹಿಮವಷ್ಟೇ ಅಲ್ಲ. ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂಬ ಮಾತನ್ನು ನೀವು ಹವಾಮಾನ ಸುದ್ದಿಯಲ್ಲಿ ಕೇಳಿರುತ್ತೀರಿ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಪೂರ್ವಕ್ಕೆ ಸಾಗಿ ಬರುವ ಬಿರುಗಾಳಿಗಳವು. ಏಪ್ರಿಲ್‌ನಲ್ಲಿ, ಕೆಲವೊಮ್ಮೆ ಮೇ ತಿಂಗಳಲ್ಲೂ, ಎತ್ತರದಲ್ಲಿ ಹೊಸ ಹಿಮ ಸುರಿಸಿ ಹೋಗುತ್ತವೆ. ಇನ್ನೊಂದು ತುದಿಯಲ್ಲಿ ಮುಂಗಾರು ಇದೆ. ಜೂನ್ ಕೊನೆಯ ವಾರದ ಹೊತ್ತಿಗೆ ಅದು ಹಿಮಾಚಲಕ್ಕೆ ಕಾಲಿಡುತ್ತದೆ. ಮುಂಗಾರಿನಲ್ಲಿ ಈ ಕಣಿವೆಗಳು ಯಾರ ಮಾತನ್ನೂ ಕೇಳುವುದಿಲ್ಲ. 2023ರ ಜುಲೈನಲ್ಲಿ ಸೈಂಜ್ ಹೊಳೆ ಉಕ್ಕಿ ಸೈಂಜ್ ಪೇಟೆಯ ಅಂಗಡಿ ಮನೆಗಳನ್ನೇ ಕೊಚ್ಚಿಕೊಂಡು ಹೋಯಿತು. ಆದ್ದರಿಂದ ಎತ್ತರದ ಹುಲ್ಲುಗಾವಲು ದಾಟುವ ನಡಿಗೆಗೆ ಮೇ ಎರಡನೆಯ ವಾರದಿಂದ ಜೂನ್ ಎರಡನೆಯ ವಾರದವರೆಗೆ ಎಂದು ಇಟ್ಟುಕೊಳ್ಳಿ. ಹೆಚ್ಚೆಂದರೆ ಒಂದು ತಿಂಗಳ ಕಿಂಡಿ.

ಜಾಗ ಗೊತ್ತಾಯಿತು, ತಿಂಗಳೂ ಗೊತ್ತಾಯಿತು. ಈಗ ದಿನಗಳು. ಮೊದಲ ಮೂರು ದಿನ ನೀವು ಬೆಟ್ಟ ಹತ್ತುವುದೇ ಇಲ್ಲ.

ಬೆಂಗಳೂರಿನಿಂದ ವಿಮಾನದಲ್ಲಿ ದೆಹಲಿ ಅಥವಾ ಚಂಡೀಗಢ. ಅಲ್ಲಿಂದ ಮನಾಲಿ ಕಡೆಯ ರಾತ್ರಿ ಬಸ್ಸು. ಮಂಡಿ ಪಟ್ಟಣ ದಾಟಿದ ಮೇಲೆ ಔಟ್ ಎಂಬಲ್ಲಿ ಸುಮಾರು 3 ಕಿಲೋಮೀಟರ್ ಉದ್ದದ ಸುರಂಗವಿದೆ. ಸುರಂಗದೊಳಗೆ ಹೋಗುವ ಮೊದಲೇ ಇಳಿಯಬೇಕು. ಕಂಡಕ್ಟರ್‌ಗೆ ಹತ್ತುವಾಗಲೇ ಹೇಳಿಡಿ. ನಿದ್ದೆಗಣ್ಣಿನಲ್ಲಿ ಸುರಂಗ ದಾಟಿಬಿಟ್ಟರೆ ಸುಮ್ಮನೆ ವಾಪಸ್ ಬರುವ ಕೆಲಸ. ಇಳಿದ ಜಾಗದಿಂದ ಲಾರ್ಜಿ, ಬಂಜಾರ್ ಮೂಲಕ ಗುಶೈನಿಗೆ ಸ್ಥಳೀಯ ಬಸ್ಸು, ಟ್ಯಾಕ್ಸಿ ಎರಡೂ ಉಂಟು. ಇಷ್ಟಕ್ಕೆ 2 ದಿನ. ದೆಹಲಿಯವರೆಗೆ ರೈಲಿನಲ್ಲಿ ಹೋಗುವವರು ಇನ್ನೊಂದು ದಿನ ಸೇರಿಸಿಕೊಳ್ಳಿ.

ಮೂರನೆಯ ದಿನ ಪರವಾನಗಿಗೆ. ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯ ಮಾತು ಇದು. ನಮ್ಮ ನಾಗರಹೊಳೆಗೂ ಅದೇ, ಅಲ್ಲಿಗೂ ಅದೇ. ಉದ್ಯಾನದ ಮುಖ್ಯ ಕಚೇರಿ ಭುಂತರ್ ಹತ್ತಿರದ ಶಂಶಿಯಲ್ಲಿದೆ. ತೀರ್ಥನ್ ಕಣಿವೆಯೊಳಗೆ ಸಾಯಿ ರೋಪಾ ಎಂಬಲ್ಲಿಯೂ ಅರಣ್ಯ ಇಲಾಖೆಯ ಕೇಂದ್ರವಿದೆ. ಗುರುತಿನ ಚೀಟಿಯ ಪ್ರತಿ, ಎಷ್ಟು ಜನ, ಯಾವ ದಾರಿ, ಎಷ್ಟು ರಾತ್ರಿ, ಇವೆಲ್ಲ ಬರೆದುಕೊಡಬೇಕು. ಕಚೇರಿ ಎಂದ ಮೇಲೆ ಭಾನುವಾರ ಇರುತ್ತದೆ, ಸರ್ಕಾರಿ ರಜೆ ಇರುತ್ತದೆ, ಸಾಹೇಬರು ಫೀಲ್ಡಿಗೆ ಹೋಗಿರುತ್ತಾರೆ. ಬೆಳಿಗ್ಗೆ ಗುಶೈನಿ ತಲುಪಿ ಮಧ್ಯಾಹ್ನ ನಡಿಗೆ ಶುರು ಮಾಡುತ್ತೇವೆ ಎನ್ನುವ ಯೋಜನೆ ಕಾಗದದ ಮೇಲೆ ಚೆಂದ, ಅಷ್ಟೆ. ಆ ದಿನ ಸುಮ್ಮನೆ ಕಳೆದುಹೋಗುವುದೂ ಇಲ್ಲ. ಗೈಡ್ ಜೊತೆ ಕೂತು ಮಾತಾಡಬೇಕು. ಮೇಲೆ ಹಿಮ ಎಷ್ಟಿದೆ, ಯಾವ ಕಾಲುಸಂಕ ಮುರಿದಿದೆ, ಕಳೆದ ವಾರ ಯಾರಾದರೂ ದಾಟಿದ್ದಾರೆಯೇ ಎಂದು ಕೇಳಬೇಕು. ಇಂಟರ್ನೆಟ್ಟಿನಲ್ಲಿ ಸಿಗುವುದು ಬೇರೆ ಯಾರೋ ಬೇರೆ ವರ್ಷ ಕಂಡ ಹಿಮ. ಈ ವಾರದ ಹಿಮ ಗೊತ್ತಿರುವುದು ಆ ಊರಿನವರಿಗೆ.

ಹಾಗಾದರೆ ಪ್ರಯಾಣಕ್ಕೆ 2, ಪರವಾನಗಿಗೆ 1. ಮೂರು ದಿನ ಹೋಯಿತು. ಈಗ ನಡಿಗೆ. ಇದಕ್ಕೆ 8 ದಿನ ಎನ್ನುತ್ತೇನೆ. ‘ಅಷ್ಟೇನು ದೂರ ಇಲ್ಲವಲ್ಲ, ಐದೇ ದಿನದಲ್ಲಿ ಮುಗಿಸಬಹುದು’ ಎನ್ನುವವರು ಇರುತ್ತಾರೆ. ಕಿಲೋಮೀಟರ್ ಲೆಕ್ಕದಲ್ಲಿ ಅವರ ಮಾತು ನಿಜ. ಆದರೆ ಈ ನಡಿಗೆಯಲ್ಲಿ ಲೆಕ್ಕಕ್ಕೆ ಬರುವುದು ದೂರಕ್ಕಿಂತ ಎತ್ತರ.

ಕರ್ನಾಟಕದ ಅತಿ ಎತ್ತರದ ಶಿಖರ ನಮ್ಮ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ. ಎತ್ತರ ಸುಮಾರು 1,900 ಮೀಟರ್. ಗುಶೈನಿ ಇರುವುದು ಸುಮಾರು 1,600 ಮೀಟರಿನಲ್ಲಿ. ಮೊದಲ ರಾತ್ರಿಯ ತಂಗುದಾಣ ರೋಲಾ 2,100 ಮೀಟರಿನ ಆಸುಪಾಸು. ಅಂದರೆ ಮೊದಲ ಸಂಜೆಯೇ ನೀವು ಮುಳ್ಳಯ್ಯನಗಿರಿಯ ನೆತ್ತಿಗಿಂತ ಮೇಲೆ ಮಲಗಿರುತ್ತೀರಿ. ನಡಿಗೆ ಈಗಷ್ಟೇ ಶುರುವಾಗಿದೆ. ಮಾರನೆಯ ದಿನ ರೋಲಾದಿಂದ ಶಿಲ್ಟ್‌ಗೆ ಹೆಚ್ಚುಕಡಿಮೆ 1,000 ಮೀಟರ್ ಏರು. ಶಿಲ್ಟ್ 3,000 ಮೀಟರ್. ಧೇಲ್ 3,700 ಮೀಟರ್.

3,000 ಮೀಟರ್ ದಾಟಿದ ಮೇಲೆ ವೈದ್ಯರು ಹೇಳುವ ನಿಯಮ ಒಂದಿದೆ. ಇಂದು ಮಲಗಿದ ಜಾಗಕ್ಕಿಂತ ನಾಳೆ ಮಲಗುವ ಜಾಗ 500 ಮೀಟರಿಗಿಂತ ಹೆಚ್ಚು ಮೇಲೆ ಇರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಜಾಗದಲ್ಲಿ ಎರಡು ರಾತ್ರಿ ಉಳಿಯಬೇಕು. ಗಾಳಿಯಲ್ಲಿ ಆಮ್ಲಜನಕ ತೆಳುವಾದಾಗ ದೇಹ ಅದಕ್ಕೆ ಹೊಂದಿಕೊಳ್ಳಲು ಸಮಯ ಕೇಳುತ್ತದೆ. ಆ ಸಮಯವನ್ನು ಯಾವ ವ್ಯಾಯಾಮವೂ ಕಡಿಮೆ ಮಾಡುವುದಿಲ್ಲ. ಮ್ಯಾರಥಾನ್ ಓಡುವ ಹುಡುಗನಿಗೂ ತಲೆನೋವು ಬರುತ್ತದೆ, ವಾಕರಿಕೆ ಬರುತ್ತದೆ, ರಾತ್ರಿ ನಿದ್ದೆ ಬಾರದೆ ಹೊರಳಾಡುತ್ತಾನೆ. ಇದು ಎತ್ತರದ ಕಾಯಿಲೆಯ ಮೊದಲ ಹಂತ. ಇಷ್ಟಿದ್ದರೆ ಇದ್ದಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ತೂರಾಡುವ ನಡಿಗೆ, ಕುಳಿತಾಗಲೂ ಏದುಸಿರು, ಅಸಂಬದ್ಧ ಮಾತು ಕಂಡರೆ ಕಾಯಬಾರದು. ರಾತ್ರಿಯಾದರೂ ಸರಿ, ಜೊತೆಗೆ ಜನ ಹೋಗಿ ಕೆಳಗಿಳಿಸಬೇಕು. ಮಾತ್ರೆಗಳಿವೆ ನಿಜ. ಅದನ್ನು ನಿಮ್ಮ ವೈದ್ಯರಲ್ಲಿ ಕೇಳಿ, ನನ್ನಲ್ಲಿ ಬೇಡ.

ಹೀಗಾಗಿ ಶಿಲ್ಟ್‌ನಲ್ಲಿ ಎರಡು ರಾತ್ರಿ ಇರಬೇಕು. ನಡುವಿನ ಹಗಲು ಮಲಗಿ ಕಳೆಯುವುದಲ್ಲ. ಚೀಲ ಅಲ್ಲೇ ಬಿಟ್ಟು, ಕೈ ಬೀಸಿಕೊಂಡು ರಖುಂಡಿ ಎಂಬ ಏಣಿನವರೆಗೆ ಹತ್ತಿ ಇಳಿಯಬೇಕು. ಅದು ಸುಮಾರು 3,600 ಮೀಟರ್. ಹಗಲು ಎತ್ತರಕ್ಕೆ ಹೋಗಿ, ರಾತ್ರಿ ತಗ್ಗಿನಲ್ಲಿ ಮಲಗಿದರೆ ದೇಹ ಬೇಗ ಹೊಂದಿಕೊಳ್ಳುತ್ತದೆ. ಧೇಲ್‌ನಲ್ಲೂ ಹೀಗೆಯೇ ಒಂದು ದಿನ ಹೆಚ್ಚು.

ಎಣಿಸಿ ನೋಡಿ. ರೋಲಾಕ್ಕೆ ಒಂದು, ಶಿಲ್ಟ್‌ಗೆ ಒಂದು, ಅಲ್ಲೇ ಇನ್ನೊಂದು. ನಾಡಾ ಒಂದು, ಧೇಲ್ ಒಂದು, ಅಲ್ಲೇ ಇನ್ನೊಂದು. ಶಕ್ತಿಗೆ ಇಳಿಯಲು ಒಂದು, ನಿಯುಲಿಗೆ ಒಂದು. ಎಂಟಾಯಿತು. ಹಿಂದಿನ ಮೂರು ಸೇರಿ 11.

ಇನ್ನು ಒಂದೊಂದು ದಿನವೂ ಎಷ್ಟು ಉದ್ದ ಎಂಬುದು ಬೇರೆ ಪ್ರಶ್ನೆ. ಮೇ ತಿಂಗಳಲ್ಲಿ ಅಲ್ಲಿ ಬೆಳಗಿನ ಐದೂವರೆಗೆಲ್ಲ ಬೆಳಕು, ಸಂಜೆ ಏಳರವರೆಗೂ ಬೆಳಕು. ಹದಿಮೂರು ತಾಸಿಗೂ ಹೆಚ್ಚು. ಹಾಗಿದ್ದರೂ ನಡೆಯಲು ಸಿಗುವುದು ಆರೋ ಏಳೋ ತಾಸು. ಮಧ್ಯಾಹ್ನ ಒಂದು ಗಂಟೆಗೆ ಡೇರೆ ಹಾಕಿಬಿಡಬೇಕು.

ಏಕೆ? ಮೂರು ಕಾರಣ. ಮೊದಲನೆಯದು ಹಿಮ. ರಾತ್ರಿಯ ಚಳಿಗೆ ಗಟ್ಟಿಯಾದ ಹಿಮದ ಮೇಲೆ ಬೆಳಿಗ್ಗೆ ಹೆಜ್ಜೆ ನಿಲ್ಲುತ್ತದೆ. ಬಿಸಿಲು ಏರಿದಂತೆ ಅದು ಸಡಿಲವಾಗುತ್ತದೆ. ಮಧ್ಯಾಹ್ನ ಅದರ ಮೇಲೆ ನಡೆಯುವುದು ನಾಟಿಗೆ ಹದ ಮಾಡಿದ ಗದ್ದೆಯಲ್ಲಿ ನಡೆದಂತೆ, ಮಂಡಿಯವರೆಗೆ ಹೂತುಕೊಳ್ಳುತ್ತದೆ. ಕಡಿದಾದ ಕೊರಕಲುಗಳಲ್ಲಿ ಸಡಿಲವಾದ ಹಿಮ ಜಾರಿಬರುವುದೂ ಇದೇ ಹೊತ್ತಿಗೆ. ತೊರೆಯ ಮೇಲೆ ಸೇತುವೆಯ ಹಾಗೆ ಕೂತ ಹಿಮ ಬೆಳಿಗ್ಗೆ ತಡೆದುಕೊಂಡದ್ದು ಸಂಜೆಗೆ ಕುಸಿಯಬಹುದು. ಎರಡನೆಯದು ನೀರು. ಹಗಲಿಡೀ ಕರಗಿದ ಹಿಮ ಮಧ್ಯಾಹ್ನದ ನಂತರ ತೊರೆಗಳಿಗೆ ಇಳಿಯುತ್ತದೆ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ತೊರೆ ಸಂಜೆ ತೊಡೆಮಟ್ಟ ಹರಿಯುತ್ತದೆ. ಮಳೆ ಬರಬೇಕಾಗಿಲ್ಲ. ಆಕಾಶ ಶುಭ್ರವಾಗಿದ್ದಷ್ಟೂ ನೀರು ಹೆಚ್ಚು, ಅದು ನಮ್ಮ ಮಲೆನಾಡಿನ ಹಳ್ಳಗಳನ್ನು ಕಂಡವರಿಗೆ ತಲೆಕೆಳಗಾದ ನ್ಯಾಯ. ಮೂರನೆಯದು ಗುಡುಗು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಅಲ್ಲಿ ಮೋಡ ಕಟ್ಟಿ ಆಲಿಕಲ್ಲು, ಸಿಡಿಲು ಸಾಮಾನ್ಯ. ಮರವಿಲ್ಲದ ಹುಲ್ಲುಗಾವಲಿನಲ್ಲಿ, ಏಣಿನ ಮೇಲೆ, ಆ ಹೊತ್ತಿಗೆ ಇರಬಾರದು.

ಇನ್ನು ವೇಗ. 1892ರಲ್ಲಿ ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಒಂದು ಲೆಕ್ಕ ಕೊಟ್ಟ. ಸಮತಟ್ಟಾದ ದಾರಿಯಲ್ಲಿ 5 ಕಿಲೋಮೀಟರಿಗೆ ಒಂದು ಗಂಟೆ. ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರ ಪ್ರಕಾರ ರೋಲಾದಿಂದ ಶಿಲ್ಟ್‌ಗೆ ಮೂರು ಗಂಟೆ ಸಾಕು. ಆದರೆ ಆತನ ಬೆನ್ನಿನ ಮೇಲೆ ಹತ್ತು ದಿನದ ಊಟ ಇರಲಿಲ್ಲ. ಆತನ ಬೆಟ್ಟಗಳೂ ಇಷ್ಟು ಎತ್ತರದವಲ್ಲ. ನಮ್ಮಂಥವರು ಅದನ್ನು ಇಮ್ಮಡಿ ಮಾಡಿಕೊಂಡರೆ ಸರಿಹೋಗುತ್ತದೆ. ಆರು ಗಂಟೆಗೆ ಹೊರಟರೆ ಹನ್ನೆರಡು, ಒಂದಕ್ಕೆ ತಲುಪುತ್ತೀರಿ. ಎರಡು ದಿನದ ದಾರಿಯನ್ನು ಒಂದೇ ದಿನಕ್ಕೆ ತುರುಕಿದವರು ಮೂರು ಗಂಟೆಯ ಹೊತ್ತಿಗೆ ಉಕ್ಕಿದ ತೊರೆಯ ಈಚೆ ದಡದಲ್ಲಿ ನಿಂತಿರುತ್ತಾರೆ.

ಇಲ್ಲಿಯವರೆಗಿನ ಲೆಕ್ಕ 11 ದಿನ. ಹೊರಡುವುದು, ಪರವಾನಗಿ, ನಿಧಾನದ ಏರು, ಅರ್ಧ ದಿನದ ನಡಿಗೆ, ಎಲ್ಲ ಅದರಲ್ಲಿ ಬಂತು. ಇನ್ನು ಎರಡು ದಿನ ಇಡುವುದು ಏನನ್ನೂ ಮಾಡದಿರಲು. ಈ ಎರಡು ದಿನಗಳನ್ನೇ ಎಲ್ಲರೂ ಮೊದಲು ಕತ್ತರಿಸುವುದು. ನನ್ನ ಪ್ರಕಾರ ಉಳಿದೆಲ್ಲವನ್ನೂ ಕತ್ತರಿಸಿ ಇವನ್ನು ಉಳಿಸಿಕೊಳ್ಳಬೇಕು.

2024ರ ಜೂನ್ ತಿಂಗಳು ನಿಮಗೆಲ್ಲ ನೆನಪಿರಬಹುದು. ಉತ್ತರಾಖಂಡದ ಸಹಸ್ರ ತಾಲ್ ಎಂಬ ಎತ್ತರದ ಸರೋವರಗಳ ದಾರಿಯಲ್ಲಿ ಒಂದು ತಂಡ ಹಿಮಗಾಳಿಗೆ ಸಿಕ್ಕಿತು. ಗೈಡ್‌ಗಳೂ ಸೇರಿ 22 ಮಂದಿ. ಹೆಚ್ಚಿನವರು ಕರ್ನಾಟಕದವರು. 9 ಮಂದಿ ಮರಳಿ ಬರಲಿಲ್ಲ. ಉಳಿದವರಲ್ಲಿ ಹೆಚ್ಚಿನವರನ್ನು ಹೆಲಿಕಾಪ್ಟರ್‌ಗಳು ಹೋಗಿ ತರಬೇಕಾಯಿತು. ಅವರಲ್ಲಿ ಅನುಭವಿಗಳಿದ್ದರು. ದೂರದಲ್ಲಿ ಕೂತು ಯಾರದು ತಪ್ಪು ಎಂದು ಹೇಳುವುದು ಸುಲಭ, ನಾನು ಆ ಕೆಲಸಕ್ಕೆ ಹೋಗುವುದಿಲ್ಲ. ಒಂದು ಸಂಗತಿ ಮಾತ್ರ ಹೇಳುತ್ತೇನೆ. ಅದು ಜನವರಿಯಲ್ಲ, ಜೂನ್. ನಮ್ಮಲ್ಲಿ ಶಾಲೆ ಶುರುವಾಗಿ, ರೈತರು ಬಿತ್ತನೆಗೆ ಅಣಿಯಾಗುವ ಕಾಲ. ಆಗಲೂ ಆ ಎತ್ತರದಲ್ಲಿ ಗಾಳಿ, ಹಿಮ, ಮಂಜು ಸೇರಿದರೆ ಕೆಲವೇ ತಾಸುಗಳಲ್ಲಿ ಮನುಷ್ಯನ ದೇಹದ ಶಾಖ ಹೋಗಿಬಿಡುತ್ತದೆ. ಒದ್ದೆ ಹತ್ತಿ ಬಟ್ಟೆ ಇದ್ದರೆ ಇನ್ನೂ ಬೇಗ.

ಬಿಡುವಿನ ದಿನ ಇಂಥ ಹೊತ್ತಿಗೆ. ಶಿಲ್ಟ್‌ನಲ್ಲಿರುವಾಗ ಮೋಡ ಕವಿಯಿತು ಎಂದುಕೊಳ್ಳಿ. ಕೈಯಲ್ಲಿ ಎರಡು ದಿನ ಇದ್ದವರು ಡೇರೆಯಲ್ಲಿ ಕೂತು ಚಹಾ ಕಾಸುತ್ತಾರೆ. ದೆಹಲಿಯ ವಿಮಾನ ಗುರುವಾರಕ್ಕೆ ಇದ್ದವರು ಮೇಲೆ ಹೊರಡುತ್ತಾರೆ. ವಾಪಸ್ ಟಿಕೆಟ್ ಎಷ್ಟೋ ಸಲ ಗೈಡ್‌ನ ಮಾತಿಗಿಂತ ಹೆಚ್ಚು ಜೋರಾಗಿ ಕೇಳಿಸುತ್ತದೆ.

ಇದರ ಜೊತೆಗೆ ಇನ್ನೂ ಒಂದು ತೀರ್ಮಾನವನ್ನು ಮನೆಯಲ್ಲೇ ಮಾಡಬೇಕು. ಎಲ್ಲಿಂದ ಹಿಂದಿರುಗುವುದು? ಬೆಟ್ಟದ ಮೇಲೆ, ದಣಿದಾಗ, ನಾಲ್ಕು ಜನ ನಾಲ್ಕು ಮಾತು ಆಡುವಾಗ ಇದನ್ನು ನಿರ್ಧರಿಸಲು ಆಗುವುದಿಲ್ಲ. ಮೊದಲೇ ಬರೆದಿಡಿ. ‘ನಾಡಾದಲ್ಲಿ ಬೆಳಗಿನ ಹೊತ್ತಿಗೆ ದಾರಿಯ ಮೇಲೆ ಹೊಸ ಹಿಮ ಬಿದ್ದಿದ್ದರೆ ರೋಲಾಕ್ಕೆ ವಾಪಸ್. ಧೇಲ್‌ನಲ್ಲಿ ಯಾರಿಗಾದರೂ ಎರಡನೆಯ ದಿನವೂ ತಲೆನೋವು ಇಳಿಯದಿದ್ದರೆ ವಾಪಸ್.’ ಇಷ್ಟು ಸಾಕು. ಹಿಂದಿರುಗುವ ದಾರಿ ಗೊತ್ತಿರುವ ದಾರಿ, ನೆನಪಿಡಿ. ಆಚೆ ಬದಿಯ ಇಳಿಜಾರು ಗೊತ್ತಿಲ್ಲದ್ದು, ಕಡಿದಾದದ್ದು.

11 ಮತ್ತು 2, ಹದಿಮೂರು. ಊರಿಗೆ ಮರಳಲು 2. ಅಲ್ಲಿಗೆ ನಮ್ಮ 15 ದಿನ ಮುಗಿಯಿತು. ದಿನ ಗೊತ್ತಾದ ಮೇಲೆಯೇ ಚೀಲದ ಮಾತು, ಏಕೆಂದರೆ ಚೀಲದ ತೂಕ ತೀರ್ಮಾನವಾಗುವುದು ದಿನದಿಂದ.

ಬೆಟ್ಟ ಹತ್ತುವವನಿಗೆ ದಿನಕ್ಕೆ 600ರಿಂದ 700 ಗ್ರಾಂ ಒಣ ಆಹಾರ ಬೇಕು. ನಡಿಗೆಯ 8 ದಿನ, ಬಿಡುವಿನ 2 ದಿನ. ಒಬ್ಬರಿಗೆ ಆರೂವರೆ ಕಿಲೋ. ಬಿಡುವಿನ ದಿನಕ್ಕೆ ಊಟ ಒಯ್ಯದಿದ್ದರೆ ಅದು ಬಿಡುವಿನ ದಿನವಲ್ಲ, ಉಪವಾಸದ ದಿನ.

ಈ ವಿಷಯದಲ್ಲಿ ನಮ್ಮ ಅಡುಗೆಮನೆಗಿಂತ ದೊಡ್ಡ ಅಂಗಡಿ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಹೊರದೇಶದ ಪೊಟ್ಟಣದ ಊಟಕ್ಕೆ ಸಾವಿರಗಟ್ಟಲೆ ಕೊಡುವವರನ್ನು ನೋಡಿದ್ದೇನೆ. ತೆಳು ಅವಲಕ್ಕಿ, ಮೇಲೆ ಗೊಜ್ಜಿನ ಪುಡಿ. ಬಿಸಿನೀರು ಹೊಯ್ದು ಮುಚ್ಚಿಟ್ಟರೆ ಐದು ನಿಮಿಷದಲ್ಲಿ ಊಟ. ರಾಗಿ ಹುರಿಹಿಟ್ಟಿಗೆ ಬೆಲ್ಲ, ಹಾಲಿನ ಪುಡಿ ಕಲಸಿದರೆ ಬೆಳಗಿನ ತಿಂಡಿ. ಹುರಿದ ರವೆಗೆ ಒಗ್ಗರಣೆ ಹಾಕಿ ಆರಿಸಿ ಕಟ್ಟಿಕೊಂಡರೆ ಉಪ್ಪಿಟ್ಟು. ಶೇಂಗಾ ಚಟ್ನಿಪುಡಿ, ಕೊಬ್ಬರಿ, ಎಳ್ಳುಂಡೆ, ಶೇಂಗಾ ಉಂಡೆ, ಇವುಗಳಲ್ಲಿ ಎಣ್ಣೆಯ ಅಂಶ ಹೆಚ್ಚು. ತೂಕ ಕಡಿಮೆ, ಶಕ್ತಿ ಜಾಸ್ತಿ. ಉತ್ತರ ಕರ್ನಾಟಕದವರಾದರೆ ಕಟಕ್ ರೊಟ್ಟಿ ತಿಂಗಳುಗಟ್ಟಲೆ ಕೆಡದು, ಆದರೆ ಚೀಲದೊಳಗೆ ಪುಡಿಯಾಗುತ್ತದೆ. ಡಬ್ಬಿಯಲ್ಲಿ ಇಡಿ, ಇಲ್ಲವೇ ಪುಡಿಯನ್ನೇ ಸಾರಿಗೆ ಹಾಕಿಕೊಂಡು ತಿನ್ನಿ.

ತೊಗರಿ ಬೇಳೆ ಮಾತ್ರ ಮನೆಯಲ್ಲೇ ಬಿಡಿ. 3,000 ಮೀಟರ್ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುತ್ತದೆ. ಕುದಿಯುತ್ತಿರುವುದು ಕಾಣುತ್ತದೆ, ಬೇಳೆ ಬೇಯುವುದಿಲ್ಲ. ಕುಕ್ಕರ್ ಇಲ್ಲದೆ ಒಂದು ಗಂಟೆ ಕಾದರೂ ಕಾಳು ಕಾಳಾಗಿಯೇ ಇರುತ್ತದೆ, ಗ್ಯಾಸ್ ಮುಗಿಯುತ್ತದೆ. ಅಕ್ಕಿಯೂ ತಡ. ಸಾರು ಬೇಕೆಂದರೆ ಒಡೆದ ಹೆಸರುಬೇಳೆ ಹುರಿದು, ತರಿ ಮಾಡಿಕೊಂಡು ಹೋಗಿ. ಕುಡಿಯುವ ನೀರಿನ ಚಿಂತೆ ಬೇಡ, 90 ಡಿಗ್ರಿಯಲ್ಲಿ ಕುದಿಸಿದರೂ ರೋಗಾಣು ಸಾಯುತ್ತವೆ. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲೂ ರೈಲಿನಲ್ಲೂ ಒಯ್ಯುವಂತಿಲ್ಲ. ಅದನ್ನು ಅಲ್ಲಿಯೇ ಕೊಳ್ಳಬೇಕು, ಅದಕ್ಕೂ ಆ ಮೂರನೆಯ ದಿನ ಬೇಕು. ಉದ್ಯಾನದ ಕಟ್ಟಿಗೆ ಕಡಿದು ಉರಿಸುವ ಮಾತೇ ಬೇಡ.

ಊಟ ಆರೂವರೆ ಕಿಲೋ. ಬೆಚ್ಚನೆಯ ಮಲಗುಚೀಲ, ಡೇರೆ, ಮಳೆ ಅಂಗಿ, ಉಣ್ಣೆಯ ಬಟ್ಟೆ, ಒಲೆ ಸೇರಿದರೆ 15 ಕಿಲೋ ಮುಟ್ಟುತ್ತದೆ. ಧೇಲ್‌ನಲ್ಲಿ ಮೇ ತಿಂಗಳ ರಾತ್ರಿಯೂ ಸೊನ್ನೆ ಡಿಗ್ರಿಯ ಆಸುಪಾಸಿಗೆ ಇಳಿಯಬಹುದು, ಬೆಚ್ಚನೆಯದನ್ನು ಬಿಡುವಂತಿಲ್ಲ. 60 ಕಿಲೋ ತೂಗುವವರು 15 ಕಿಲೋ ಹೊತ್ತರೆ ದೇಹದ ತೂಕದ ಕಾಲು ಭಾಗ. ಅದಕ್ಕಿಂತ ಹೆಚ್ಚು ಹೊರಬಾರದು. ಆದ್ದರಿಂದ ಹೊರೆಯಾಳು ಬೇಕಾಗಬಹುದು. ಗೈಡ್ ಅಂತೂ ಬೇಕೇ ಬೇಕು.

ಈ ಗೈಡ್, ಹೊರೆಯಾಳುಗಳು ಯಾರು? ಇದನ್ನೂ ತಿಳಿದುಕೊಂಡು ಹೋಗಬೇಕು. 1984ರಲ್ಲಿ ಈ ಉದ್ಯಾನದ ಪ್ರಸ್ತಾಪ ಬಂತು. 1999ರಲ್ಲಿ ಅಂತಿಮ ಅಧಿಸೂಚನೆ ಹೊರಟಿತು. ಅಲ್ಲಿಯವರೆಗೆ ಸುತ್ತಲ ಹಳ್ಳಿಗಳವರು ಬೇಸಿಗೆಯಲ್ಲಿ ಕುರಿ ಮೇಕೆ ಅಟ್ಟಿಕೊಂಡು ಇದೇ ಧೇಲ್‌ನಂಥ ಹುಲ್ಲುಗಾವಲುಗಳಿಗೆ ಬರುತ್ತಿದ್ದರು. ಔಷಧದ ಬೇರು, ವಸಂತದಲ್ಲಿ ಏಳುವ ಗುಚ್ಛಿ ಎಂಬ ಬೆಲೆಬಾಳುವ ಅಣಬೆ ಆಯ್ದು ಮಾರುತ್ತಿದ್ದರು. ಅಧಿಸೂಚನೆಯೊಂದಿಗೆ ಉದ್ಯಾನದೊಳಗಿನ ಮೇವಿನ ಹಕ್ಕು, ಬೇರು ಅಗೆಯುವ ಹಕ್ಕು ನಿಂತಿತು. ನೀವು ನಡೆಯುವ ಕಾಲುದಾರಿ ಹೆಚ್ಚಾಗಿ ಆ ಕುರಿಗಾಹಿಗಳು ತುಳಿದು ಮಾಡಿದ್ದು. ಇಂದು ನಿಮ್ಮ ಚೀಲ ಹೊರುವವನ ತಂದೆ ಅಲ್ಲಿ ಕುರಿ ಮೇಯಿಸಿದವನಿರಬಹುದು. ಹಾಗಾಗಿ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಮಳೆಗೆ ಸಿಕ್ಕು ಸುಮ್ಮನೆ ಕೂತ ಬಿಡುವಿನ ದಿನಕ್ಕೂ ಕೂಲಿ ಕೊಡಬೇಕು, ಅದನ್ನು ಹೊರಡುವ ಮೊದಲೇ ಮಾತಾಡಿಕೊಳ್ಳಿ. ಅವರ ಊಟ, ಡೇರೆ, ಬೆಚ್ಚನೆಯ ಬಟ್ಟೆಯ ವ್ಯವಸ್ಥೆ ನಿಮ್ಮಷ್ಟೇ ಇದೆಯೇ ಎಂದು ನೋಡಿ.

ಇನ್ನೊಬ್ಬರ ಮಾತು ಉಳಿದಿದೆ. ಜುಜುರಾಣಾ. ಕೋಳಿಯ ಗಾತ್ರದ, ಮೈಮೇಲೆಲ್ಲ ಬಿಳಿ ಚುಕ್ಕೆ, ಕೊರಳಲ್ಲಿ ಕೆಂಪು ಇರುವ ಹಕ್ಕಿ. ಹಿಮಾಚಲದ ರಾಜ್ಯ ಪಕ್ಷಿ. ದೇವರು ಲೋಕದ ಹಕ್ಕಿಗಳೆಲ್ಲರಿಂದ ಒಂದೊಂದು ಗರಿ ಕೇಳಿ ಪಡೆದು ಇದನ್ನು ಮಾಡಿದ ಎಂದು ಅಲ್ಲಿನವರ ಕತೆ. ಈಗ ಬಹಳ ಅಪರೂಪ. ಉಳಿದಿರುವ ಒಳ್ಳೆಯ ನೆಲೆಗಳಲ್ಲಿ ಈ ಉದ್ಯಾನ ಒಂದು. ಅದು ಮೊಟ್ಟೆಯಿಟ್ಟು ಮರಿ ಮಾಡುವುದೂ ಇದೇ ವಸಂತದಲ್ಲಿ, ನೀವು ಹೋಗುವ ಮೇ–ಜೂನಿನಲ್ಲಿ. ಕಾಡಿನೊಳಗೆ ಸ್ಪೀಕರಿನಲ್ಲಿ ಹಾಡು ಹಾಕುವವರು ದಯವಿಟ್ಟು ಬೇರೆ ಊರು ಹುಡುಕಿಕೊಳ್ಳಿ.

15 ದಿನದ ಲೆಕ್ಕ ಹೇಳಿದೆ. ಚೀಲದ ಲೆಕ್ಕ, ಜನರ ಲೆಕ್ಕ ಹೇಳಿದೆ. ಕೊನೆಯದು ಮನೆಯವರ ಲೆಕ್ಕ. ಗುಶೈನಿ ದಾಟಿದ ಮೇಲೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಅಮೆರಿಕದಲ್ಲಿರುವ ಅಣ್ಣನೋ ಅಕ್ಕನೋ ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಯಂತ್ರ ತಂದುಕೊಟ್ಟಿದ್ದರೆ ಅದನ್ನು ಒಯ್ಯಬೇಡಿ. ಅಲ್ಲಿ ಅದು ಎಲ್ಲರ ಕೈಯಲ್ಲೂ ಇರಬಹುದು. ನಮ್ಮ ದೇಶದಲ್ಲಿ ಸರ್ಕಾರದ ಅನುಮತಿ ಇಲ್ಲದೆ ಅಂಥದನ್ನು ಇಟ್ಟುಕೊಳ್ಳುವುದು ಅಪರಾಧ, ಬಂಧನವೂ ಆಗಿದೆ. ಅದರ ಬದಲು ಒಂದು ಚೀಟಿ ಬರೆಯಿರಿ. ಯಾವ ದಿನ ಎಲ್ಲಿ ಮಲಗುತ್ತೀರಿ, ಗೈಡ್ ಹೆಸರೇನು, ಫೋನ್ ಸಂಖ್ಯೆ ಏನು. ನಿಯುಲಿಗೆ ಇಳಿದು ಫೋನ್ ಮಾಡುವ ಕಡೆಯ ದಿನಾಂಕ ಯಾವುದು. ಆ ದಿನಾಂಕದಲ್ಲಿ ಬಿಡುವಿನ ಎರಡು ದಿನವೂ ಸೇರಿರಲಿ. ಇಲ್ಲವಾದರೆ ನೀವು ಮಳೆ ನಿಲ್ಲಲೆಂದು ಆರಾಮಾಗಿ ಕೂತಿರುವಾಗ ಮನೆಯಲ್ಲಿ ಅಮ್ಮ ಊಟ ಬಿಟ್ಟು ಕೂತಿರುತ್ತಾರೆ. ಒಂದು ಪ್ರತಿ ಮನೆಯಲ್ಲಿ, ಒಂದು ಪ್ರತಿ ಅರಣ್ಯ ಕಚೇರಿಯಲ್ಲಿ.

ಇಷ್ಟು ರಜೆ ನಮಗೆ ಸಿಗುವುದಿಲ್ಲ ಎನ್ನುವವರು ನಿಮ್ಮಲ್ಲಿ ಬಹಳ ಜನ ಇರುತ್ತೀರಿ. ಅವರಿಗೂ ದಾರಿಯಿದೆ. 9 ದಿನವೇ ಇದ್ದರೆ ಧೇಲ್ ಬಿಟ್ಟುಬಿಡಿ. ಗುಶೈನಿಯಿಂದ ರೋಲಾ, ಅಲ್ಲೇ ಎರಡು ಮೂರು ರಾತ್ರಿ, ಹಗಲು ಹೊಳೆಯ ದಂಡೆಯ ಕಾಡಿನಲ್ಲಿ ಅಲೆದಾಟ, ಅದೇ ದಾರಿಯಲ್ಲಿ ವಾಪಸ್. ವಸಂತ ಅಲ್ಲಿಯೂ ಇದೆ, ಹಕ್ಕಿಗಳೂ ಇವೆ. ಹುಲ್ಲುಗಾವಲು ದಾಟಲೇಬೇಕೆಂದರೆ 15 ದಿನದ ರಜೆಗೆ ಈಗಲೇ ಅರ್ಜಿ ಕೊಡಿ. ಮೇ ತಿಂಗಳ ರಜೆಗೆ ಕಚೇರಿಯಲ್ಲಿ ಎಲ್ಲರೂ ಕಾದಿರುತ್ತಾರೆ.